ಖಾಲಿ ಹೊಟ್ಟೆಗೆ ಕೊಟ್ಟಿದ್ದು

ಜೂನ್ ಹನ್ನೊಂದು, ಬುಧವಾರ, ಬೆಳಿಗ್ಗೆ ಹತ್ತೂವರೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮನೆಯಲ್ಲೇ ಡೇ ಕೇರ್ ನಡೆಸುವ ಹಾಜರಾಬಿ ಠಾಣೆಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಎರಡು ವರ್ಷದ ಹುಡುಗ್ರಿ, ಬಸವಪ್ರಭು. ಮೂರನೇ ಸಲ ದವಾಖಾನಿ ಸೇರ್ಯಾನ. ಯಾರೋ ಏನೋ ಕುಡಸಾಕತ್ತಾರ್ರಿ."

"ಸಣ್ಣ ಮಕ್ಕಳಿಗೆ ಹೊಟ್ಟಿ ಕೆಡೋದಽ," ಎಂದ ಹವಾಲ್ದಾರ್ ಮೈಲಾರಿ.

"ನಿಮ್ಮ ಮಗಾ ರಕ್ತಾ ಕಾರಿದ್ರ ಹಿಂಗಽ ಅಂತೀರೇನ್ರಿ?"

ಆ ದನಿಗೆ ಇನ್ಸ್‌ಪೆಕ್ಟರ್ ನಾಗರತ್ನಾ ಒಳಗಿನಿಂದ ಎದ್ದು ಬಂದರು. ಹಾಜರಾಬಿ ಎಲ್ಲ ಹೇಳಿದರು. ಹುಡುಗ ಬರುವಾಗ ಆಡಿಕೊಂಡೇ ಬರುತ್ತಾನೆ. ನಾಷ್ಟಾ ಬಾಯಿಗಿಡುವ ಮೊದಲೇ ವಾಂತಿ, ಭೇದಿ. ಉಳಿದ ಮಕ್ಕಳಿಗೆ ಏನೂ ಆಗಿಲ್ಲ. ಹೋದ ವಾರ ಹುಡುಗನ ಅಪ್ಪ ಕುಮಾರಸ್ವಾಮಿ ಬಾಗಿಲಿಗೆ ಬಂದು, ಇವರ ಮನೆಯ ನೀರು ಕುಡಿದೇ ಹೀಗಾಯಿತೆಂದು ಕೂಗಾಡಿದ್ದ. 'ಇವರ' ಎಂದರೆ ಯಾರ ಎಂಬುದನ್ನು ಓಣಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾರನೇ ದಿನ ಇಬ್ಬರು ಮಕ್ಕಳನ್ನು ಅವರ ಮನೆಯವರು ಬಿಡಿಸಿಕೊಂಡು ಹೋದರು. ಆದರೂ ಕುಮಾರಸ್ವಾಮಿ ತನ್ನ ಮಗನನ್ನು ಅಲ್ಲಿಗೇ ತಂದು ಬಿಡುತ್ತಿದ್ದ.

"ಮೊದಲ ನನ್ನ ಮನೀನಽ ಹುಡುಕ್ರಿ. ಆದ್ರ ಅಲ್ಲಿಗಽ ಬಿಡಬ್ಯಾಡ್ರಿ," ಎಂದರು ಹಾಜರಾಬಿ.

ಹುಡುಕಿದರು. ಪಂಚರ ಎದುರು ಅಕ್ಕಿ, ಹಾಲು, ನೀರು ಜಪ್ತಾದವು. ಸಂಜೆ ಸತ್ತೂರಿನ ಆಸ್ಪತ್ರೆಯ ವೈದ್ಯರು ಮಗುವಿನ ಹೊಟ್ಟೆಯಲ್ಲಿ ಭೇದಿ ಮಾಡಿಸುವ ಔಷಧ ಸಿಕ್ಕಿದೆಯೆಂದು ಬರೆದುಕೊಟ್ಟರು. ಅಪರಿಚಿತ ಆರೋಪಿಯ ಮೇಲೆ ಎಫ್‌ಐಆರ್ ದಾಖಲಾಯಿತು. ವಾರದ ನಂತರ ಪ್ರಯೋಗಾಲಯದ ವರದಿ ಬಂತು: ಹಾಜರಾಬಿಯ ಮನೆಯ ಯಾವುದರಲ್ಲೂ ದೋಷವಿಲ್ಲ.

ಹುಡುಗ ಇನ್ನೂ ವಾರ್ಡಿನಲ್ಲೇ ಇದ್ದ. ನಾಗರತ್ನಾ ಅಲ್ಲೇ ವಿಚಾರಣೆ ಮಾಡಿದರು. ಕುಮಾರಸ್ವಾಮಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಹೆಂಡತಿ ಸೌಮ್ಯಾ ಧಾರವಾಡದ ಬ್ಯಾಂಕೊಂದರಲ್ಲಿ ಈಚೆಗಷ್ಟೇ ಮ್ಯಾನೇಜರ್ ಆದವಳು.

"ಬೆಳಿಗ್ಗೆ ಹುಡುಗಗ ಏನ ಕೊಡತೀರಿ?"

"ಏನೂ ಇಲ್ರಿ. ನಾ ಲಗೂ ಹೋಗತೇನಿ, ಇವರಽ ಬಿಟ್ಟ ಬರತಾರ," ಎಂದಳು ಸೌಮ್ಯಾ.

"ಖಾಲಿ ಹೊಟ್ಟೀಲೆ?"

"ಖಾಲಿ ಹೊಟ್ಟೀಲೆ," ಎಂದ ಕುಮಾರಸ್ವಾಮಿ. ಮೈಲಾರಿ ಬರೆದುಕೊಂಡ.

"ನಿನ್ನೆ ರಾಜೀನಾಮೆ ಬರದೇನ್ರಿ. ಇನ್ನ ಮ್ಯಾಲ ನಾನಽ ನೋಡ್ಕೋತೇನಿ," ಎಂದು ಸೌಮ್ಯಾ ಕಣ್ಣೊರೆಸಿಕೊಂಡಳು.

"ಛಲೋ ಆತು ಬಿಡು," ಎಂದ ಗಂಡ.

ಮಗ ಸಲೈನ್ ಹಚ್ಚಿಕೊಂಡು ಮಲಗಿರುವಾಗ ಇವನಿಗೆ ಛಲೋ ಆಗಿದ್ದೇನು ಎಂದು ನಾಗರತ್ನಾ ಅವರ ಮೈ ಉರಿಯಿತು.

ಅಷ್ಟರಲ್ಲಿ ಕುಮಾರಸ್ವಾಮಿಯ ತಾಯಿ ದಾನವ್ವ ಗುಡಿಯ ತೀರ್ಥ ತಂದರು. ಈಗಷ್ಟೇ ನರ್ಸ್ ಚಮಚದಲ್ಲಿ ಕೊಟ್ಟ ನೀರನ್ನು ಸುಮ್ಮನೆ ಕುಡಿದಿದ್ದ ಹುಡುಗ, ತೀರ್ಥ ಎಂದೊಡನೆ ಎರಡೂ ಕೈಗಳನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡ.

"ಬ್ಯಾಡಾ. ಕಹಿ."

ನಾಗರತ್ನಾ ಮುದುಕಿಯ ಕಡೆ ತಿರುಗಿದರು. "ಅಮ್ಮಾ, ಮನ್ಯಾಗ ಇವಗ ತೀರ್ಥಾ ಯಾರ ಕೊಡತಾರ?"

"ನನ್ನ ಮಗಾನಽ. ದಿನಾ ಪೂಜಿ ಮುಗಿಸಿ."

"ಮತ್ತ ಇವರು ಖಾಲಿ ಹೊಟ್ಟಿ ಅಂದ್ರಲ್ಲ?"

"ಅಯ್ಯ, ತೀರ್ಥಾ ತಿನ್ನೋದೇನವಾ?"

ಮೈಲಾರಿ ಪೆನ್ನು ಕೆಳಗಿಟ್ಟ. ಅವನ ಮನೆಯಲ್ಲೂ ಯಾರೂ ಅದನ್ನು ಊಟದ ಲೆಕ್ಕಕ್ಕೆ ಹಿಡಿದವರಲ್ಲ. ಆ ನಂಬಿಕೆಯ ಮರೆಯಲ್ಲೇ ಈ ಮನುಷ್ಯ ತನ್ನ ಕೆಲಸ ನಡೆಸಿದ್ದ.

ಮಧ್ಯಾಹ್ನ ಮನೆಯಲ್ಲಿ ಪಂಚನಾಮೆ ನಡೆಯಿತು. ದೇವರ ಜಗಲಿಯ ಹಿಂದೆ, ವಿಭೂತಿಯ ಡಬ್ಬಿಯೊಳಗೆ, ಗುಳಿಗೆ ಅರೆದ ಪುಡಿಯ ಪೊಟ್ಟಣ ಸಿಕ್ಕಿತು. ದಾನವ್ವ ಮಗನ ಕೆನ್ನೆಗೆ ಬಾರಿಸಿದರು. ಪೊಲೀಸರು ತಡೆಯಲು ಅವಸರ ಮಾಡಲಿಲ್ಲ.

"ದೇವರ ಮುಂದ ಕುಂತು ಕೂಸಿನ ಕೈಯಾಗ ವಿಷಾ ಹಾಕಿದೇನೋ, ಹಾಟ್ಯಾ!"

ಠಾಣೆಯಲ್ಲಿ ಅವನು ಒಪ್ಪಿಕೊಂಡ.

"ಕೊಲ್ಲಬೇಕಂತ ಅಲ್ರಿ. ಹುಡುಗ ಬ್ಯಾನಿ ಬಿದ್ರ ಆಕಿ ಮನ್ಯಾಗ ಕುಂದರತಾಳಂತ. ಪ್ಯಾಟ್ಯಾಗ ನನ್ನ ಹೆಸರಽ ಹೋತ್ರಿ. ಎಲ್ಲಾರೂ 'ಮ್ಯಾನೇಜರಮ್ಮನ ಗಂಡ' ಅಂತಾರ."

"ಹಾಜರಾಬಿ ಏನ ಮಾಡಿದ್ರು?"

"ಅವರ ಮ್ಯಾಲ ಹಾಕಿದ್ರ ಮಂದಿ ಲಗೂ ನಂಬತಾರ್ರಿ."

ಅಷ್ಟೇ. ಒಂದು ಅಡ್ಡಹೆಸರು ಚುಚ್ಚಿದ್ದಕ್ಕೆ ಹೆತ್ತ ಮಗನ ಕರುಳು ಹರಿಯಿತು, ಒಬ್ಬ ಹೆಂಗಸಿನ ಅನ್ನ ಹೋಗುವುದರಲ್ಲಿತ್ತು. ಸಂಜೆ ಆರಕ್ಕೆ ದಸ್ತಗಿರಿ ದಾಖಲಿಸಿ ಅವನನ್ನು ನ್ಯಾಯಾಧೀಶರ ಮುಂದೆ ಒಯ್ಯಲು ಜೀಪು ತಂದರು. ಅವನು ಹತ್ತದೆ ನಿಂತ.

"ಮ್ಯಾಡಂ, ಮುಖಾ ಮುಚ್ಚಿಕೊಳ್ಳಾಕ ಒಂದ ಟಾವೆಲ್ ಕೊಡ್ರಿ. ಪ್ಯಾಟಿ ಮಂದಿ ನೋಡತಾರ."

"ಕೊಡೋಣು. ಮಗಾ ಹ್ಯಾಂಗದಾನ ಅಂತ ಒಂದ ಸಲಾನೂ ಕೇಳಲಿಲ್ಲಲ್ಲೋ ನೀ," ಎಂದರು ನಾಗರತ್ನಾ.

ಅವನು ರಸ್ತೆಯ ಆಚೆ ನಿಂತವರನ್ನೇ ನೋಡುತ್ತಿದ್ದ.

"ಟಾವೆಲ್ ಲಗೂ ಕೊಡ್ರಿ," ಎಂದ.