ಸಿಂಪಿಯ ನಾಲ್ಕನೆಯ ಮಾತು

ಬೆಳಗಿನ ಏಳು ಗಂಟೆಗೆ ಹಳೆಕುರ್ವೆಯ ಚಪ್ಪರದಲ್ಲಿ ನದಿ ಗುನುಗುತ್ತಿತ್ತು. ಗುನುಗುತ್ತಿದ್ದುದು ಕಂಬಕ್ಕೆ ತೂಗುಹಾಕಿದ್ದ ತೆಂಗಿನಕಾಯಿ ಗಾತ್ರದ ಒಂದು ಪೆಟ್ಟಿಗೆ. ಆದರೆ ಅದರೊಳಗಿನ ದನಿ ನೀರಿನಿಂದಲೇ ಬರುತ್ತಿತ್ತು. ಚಪ್ಪರದಿಂದ ಕೂಗಳತೆಯಲ್ಲಿ, ಬಿದಿರಿನ ಅಟ್ಟಣೆಗೆ ಕಟ್ಟಿದ ಹಗ್ಗಗಳಲ್ಲಿ ಸಾವಿರಾರು ಸಿಂಪಿಗಳು ನೀರಿನೊಳಗೆ ತೂಗುತ್ತಿದ್ದವು. ಅವುಗಳಲ್ಲಿ ನಾನೂರಕ್ಕೆ ಸಾಸಿವೆಗಿಂತ ತುಸು ದೊಡ್ಡದಾದ ಒಂದೊಂದು ಮಣಿ ಅಂಟಿಸಿದ್ದರು. ಸಿಂಪಿ ಬಾಯಿ ತೆರೆದಿದ್ದರೆ ಮಣಿ ಗುನುಗುತ್ತದೆ, ಮುಚ್ಚಿದರೆ ಸುಮ್ಮನಾಗುತ್ತದೆ.

ರಕ್ಷಿತಾ ಅಂಬಿಗ ಚಹಾ ಕುಡಿಯುತ್ತ ಆ ಗುನುಗನ್ನು ಕೇಳುತ್ತಿದ್ದಳು. ಅವಳಿಗೆ ಅರವತ್ತೆರಡು. ಹೆಸರು ಕೇಳಿ ನಗಬೇಡಿ. ಎರಡು ಸಾವಿರದ ಅರವತ್ತೊಂದರಲ್ಲಿ ಅಜ್ಜಿಯರ ಹೆಸರೆಲ್ಲ ರಕ್ಷಿತಾ, ಸುಶ್ಮಿತಾ, ಪ್ರಿಯಾಂಕಾ ಎಂದೇ ಇರುತ್ತವೆ. ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ನಡುಗಡ್ಡೆ ಹಳೆಕುರ್ವೆ. ಹನ್ನೊಂದು ವರ್ಷಗಳ ಹಿಂದೆ ಅವಳು ಮತ್ತು ಊರಿನ ನಾಲ್ವರು ಹೆಂಗಸರು ಸೇರಿ ಅಲ್ಲಿ ಸಿಂಪಿಯ ತೋಟ ಹಾಕಿದ್ದರು. ಸಿಂಪಿಗೆ ಅವರ ಮಾತಿನಲ್ಲಿ ಕಲಗ ಎಂದು ಹೆಸರು.

ಮಣಿಯನ್ನು ಕಂಡುಹಿಡಿದವಳು ಹೊನ್ನಾವರದ ವಿಜ್ಞಾನಿ ಡಾಕ್ಟರ್ ತನ್ವಿ ಮೇಸ್ತ. ಸಿಂಪಿ ದಿನಕ್ಕೆ ಕೊಡಗಟ್ಟಲೆ ನೀರನ್ನು ಸೋಸುವ ಜೀವಿ. ನೀರು ಕೆಟ್ಟರೆ ಎಲ್ಲರಿಗಿಂತ ಮೊದಲು ತಿಳಿಯುವುದು ಅದಕ್ಕೆ. ಸಿಂಪಿ ಬಾಯಿ ಮುಚ್ಚುವುದನ್ನು ಅಳೆಯುವ ಉಪಕರಣಗಳು ಮೊದಲೂ ಇದ್ದವು. ಏಕೆ ಮುಚ್ಚಿತು ಎಂದು ಹೇಳುವುದೇ ತನ್ವಿಯ ಮಣಿಯ ಹೆಚ್ಚುಗಾರಿಕೆ. ಮುಚ್ಚಿದ ಚಿಪ್ಪಿನೊಳಗಿನ ಹೃದಯಬಡಿತವನ್ನು ಅದು ಎಣಿಸುತ್ತದೆ. ಮಳೆನೀರು ಬಂದು ಉಪ್ಪು ಕಡಿಮೆಯಾದರೆ ಬಡಿತ ಒಂದು ಬಗೆ, ಏಡಿ ಬಂದರೆ ಇನ್ನೊಂದು, ವಿಷ ಬಂದರೆ ಮತ್ತೊಂದು. ಹೀಗೆ ತನ್ವಿ ಸಿಂಪಿಯ ಮೂರು ಮಾತು ಕಲಿತಿದ್ದಳು.

ಅಳಿವೆಯ ತೋಟಗಳಿಗೆ ಪರವಾನಗಿ ಕೊಡುವ ಅಳಿವೆ ಮಂಡಳಿಗೆ ಇದು ಎಷ್ಟು ಹಿಡಿಸಿತೆಂದರೆ, ಸಿಂಪಿಗಳು ಒಪ್ಪಿದ ನೀರೇ ಒಳ್ಳೆಯ ನೀರು ಎಂಬ ನಿಯಮವೇ ಬಂತು. ಕಾರಣ ತಿಳಿಯದೆ ಪದೇ ಪದೇ ಬಾಯಿ ಮುಚ್ಚುವ ತೋಟವನ್ನು ಆ ವರ್ಷದ ದೀಪಾವಳಿಯ ನಂತರ ಮುಚ್ಚಿಸತಕ್ಕದ್ದು ಎಂದೂ ಬರೆದರು.

ಹಳೆಕುರ್ವೆಗೆ ಕುತ್ತು ಬಂದದ್ದು ಅಲ್ಲಿಯೇ. ಅಲ್ಲಿ ಮಣಿ ಅಂಟಿಸಿ ಮೂರು ತಿಂಗಳಾಗಿತ್ತು; ಅಂದಿನಿಂದ ಪ್ರತಿ ಭಾನುವಾರ, ಕಡಲಿನ ಇಳಿತಕ್ಕೆ ನದಿ ಇಳಿಯುವ ಹೊತ್ತಿಗೆ, ಅಟ್ಟಣೆಯ ಸಿಂಪಿಗಳೆಲ್ಲ ನಾಲ್ಕು ತಾಸು ಬಾಯಿ ಮುಚ್ಚುತ್ತಿದ್ದವು. ಉಪ್ಪು ಸರಿಯಾಗಿತ್ತು, ಏಡಿ ಇರಲಿಲ್ಲ, ವಿಷದ ಬಡಿತವೂ ಅದಲ್ಲ. ತನ್ವಿಗೆ ನದಿಯ ಮೇಲ್ಭಾಗದಲ್ಲಿದ್ದ ಸಿಗಡಿ ಸಾಕುವ ಕೆರೆಯವರ ಮೇಲೆ ಅನುಮಾನ. ವಾರಕ್ಕೊಮ್ಮೆ ಅವರು ಇಳಿತದಲ್ಲಿ ಕೊಳೆನೀರು ಬಿಡುತ್ತಿರಬೇಕು ಎಂದಳು. ಹೆಂಗಸರಿಗೆ ಅಷ್ಟೇ ಸಾಕಾಯಿತು. ಕೆರೆಯ ಯಜಮಾನ ಧನುಷ್ ನಾಯ್ಕ ದೋಣಿ ಹತ್ತಿದಾಗಲೆಲ್ಲ ಐವರಲ್ಲಿ ಬಾಯಿ ಜೋರಿನ ಸುಶ್ಮಿತಾ ಬೈದು ಅವನ ಏಳು ತಲೆಮಾರನ್ನು ನೀರಿಗಿಳಿಸಿದಳು. ಅವನು ಆಣೆ ಹಾಕಿದ, ಕೆರೆಯ ತೂಬು ತೋರಿಸಿದ, ಕಡೆಗೆ ದೋಣಿಯ ದಾರಿಯನ್ನೇ ಬದಲಿಸಿದ.

ದೀಪಾವಳಿಗೆ ಮೂರು ವಾರ ಉಳಿದಿದ್ದಾಗ, ಒಂದು ಭಾನುವಾರ ಐವರೂ ಸುಶ್ಮಿತಾಳ ತಂಗಿಯ ಮಗಳ ಮದುವೆಗೆ ಹೋದರು. ಹಿಂದಿರುಗಿ ಪೆಟ್ಟಿಗೆಯ ದಾಖಲೆ ನೋಡಿದರೆ, ಆ ದಿನ ಗುನುಗು ನಿಂತೇ ಇರಲಿಲ್ಲ. ಬೈಗುಳ ಫಲಿಸಿತು, ನಾಯ್ಕ ಹೆದರಿದ ಎಂದು ಸುಶ್ಮಿತಾ ಮದುವೆಯ ಲಾಡುವನ್ನೇ ಎಲ್ಲರಿಗೂ ಹಂಚಿದಳು. ರಕ್ಷಿತಾ ಮಾತ್ರ ಲಾಡು ಹಿಡಿದುಕೊಂಡೇ ಕುಳಿತಳು. ನಾವಿಲ್ಲದ ಭಾನುವಾರ ಸಿಂಪಿಗಳು ಬಾಯಿ ತೆರೆದಿವೆ ಎಂಬ ಯೋಚನೆ ಅವಳನ್ನು ಬಿಡಲಿಲ್ಲ.

ಮಂಗಳವಾರ ಬೆಳಗಿನ ಇಳಿತಕ್ಕೆ ಅವಳೊಬ್ಬಳೇ ಪೆಟ್ಟಿಗೆಯನ್ನು ಬಿಚ್ಚಿ ತಂದು ಅಟ್ಟಣೆಯ ಬಿದಿರಿಗೆ ತೂಗುಹಾಕಿದಳು. ಸೊಂಟಮಟ್ಟ ನೀರಿನಲ್ಲಿ ನಿಂತು, ಪ್ರತಿ ಭಾನುವಾರ ಗಿರಾಕಿಗಳಿಗೆಂದು ಮಾಡುವಂತೆ, ಚೂರಿಯಿಂದ ಮೂರು ಸಿಂಪಿ ಒಡೆದಳು. ಮಾಂಸವನ್ನು ಬುಟ್ಟಿಗೆ ಹಾಕಿ, ಚಿಪ್ಪನ್ನೂ ಕೈಯನ್ನೂ ಮೂರು ಸಲ ನದಿಯಲ್ಲಿ ಅದ್ದಿ, "ನಿಂದು ನಿಂಗೆ" ಎಂದು ಚಿಪ್ಪನ್ನು ನೀರಿಗೆ ಬಿಟ್ಟಳು. ನದಿಯಿಂದ ತೆಗೆದದ್ದರಲ್ಲಿ ಒಂದು ಪಾಲನ್ನು ನದಿಗೇ ಬಿಡಬೇಕೆಂದು ಅವಳ ಅಜ್ಜಿ ಕಲಿಸಿದ ಕ್ರಮ ಅದು.

ಸಿಂಪಿಯ ರಸ ನೀರಿಗೆ ಸೇರಿ ಹರಿಯಿತು. ಹತ್ತಿರದ ಹಗ್ಗದ ಗುನುಗು ನಿಂತಿತು. ಆಮೇಲೆ ಅದರಾಚೆಯದು, ಅದರಾಚೆಯದು. ಐದು ನಿಮಿಷದಲ್ಲಿ ಪೆಟ್ಟಿಗೆ ಕಲ್ಲಿನಂತೆ ಸುಮ್ಮನಾಯಿತು. ರಕ್ಷಿತಾಳಿಗೆ ಅಳು ಬಂತು. ನೀರಿನಲ್ಲಿ ನಿಂತೇ ಅತ್ತಳು.

ಹೇಳದೆ ಇರಬಹುದಿತ್ತು. ಹೇಳಿದರೆ ತೋಟಕ್ಕೆ ಏನಾಗುವುದೋ, ಗೆಳತಿಯರು ಏನನ್ನುವರೋ. ಆದರೆ ಧನುಷ್ ನಾಯ್ಕನ ಸಪ್ಪೆ ಮೋರೆ ಕಣ್ಣ ಮುಂದೆ ಬಂತು. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಅವನ ತಟ್ಟೆಯ ನೊಣ ತೋರಿಸಿದ್ದಾಯಿತಲ್ಲ ಎಂದು ನಾಚಿಕೆಯಾಯಿತು. ಅವಳು ತನ್ವಿಗೆ ಫೋನು ಮಾಡಿದಳು. ಮಧ್ಯಾಹ್ನ, ಗುನುಗು ಮತ್ತೆ ಶುರುವಾದ ಹೊತ್ತಿಗೆ, ತನ್ವಿ ದೋಣಿಯಿಂದಿಳಿದಳು.

"ತಂಗಿ, ಸಿಗಡಿ ಕೆರೆಯವ್ರದ್ದು ತಪ್ಪಿಲ್ಲ. ಇದು ನಾವು ಕೈ ತೊಳ್ದ ನೀರು. ತಮ್ಮವ್ರು ಸತ್ತದ್ದು ಅವಕ್ಕೆ ಗೊತ್ತಾಗ್ತದೆ," ಎಂದಳು ರಕ್ಷಿತಾ.

ತನ್ವಿ ಕೈಯ ಫಲಕದಲ್ಲಿ ಹಳೆಯ ವರದಿಗಳನ್ನು ತೆರೆದಳು. ತೋಟದವರು ಕಳಿಸುತ್ತಿದ್ದ ಪ್ರತಿ ವಾರದ ವರದಿಯಲ್ಲಿ 'ಕೊಯ್ಲು: ಭಾನುವಾರ' ಎಂದು ಅವಳೇ ಓದಿದ್ದಳು. ಆದರೆ ಕೊಯ್ದ ಸಿಂಪಿಯನ್ನು ದಂಡೆಗೆ ತಂದೇ ಒಡೆಯುತ್ತಾರೆಂದು ಪುಸ್ತಕದಲ್ಲಿ ಇದ್ದುದರಿಂದ ಇಲ್ಲಿಯೂ ಹಾಗೆಯೇ ಎಂದುಕೊಂಡಿದ್ದಳು. ಭಾನುವಾರ ಅವಳಿಗೆ ರಜೆ ಬೇರೆ.

"ಇನ್ನೊಂದ್ಸಲ ಮಾಡಿ ತೋರಿಸ್ತೀರಾ ರಕ್ಷಿತಕ್ಕ?" ಎಂದಳು ಕೊನೆಗೆ.

ತೋರಿಸಿದಳು. ಗುನುಗು ನಿಂತಿತು, ತನ್ವಿಯ ಕೈಯ ಫಲಕದಲ್ಲಿ ನಾನೂರು ಹೃದಯಗಳು ಒಂದೇ ತಾಳಕ್ಕೆ ನಿಧಾನವಾಗಿ ಬಡಿದವು. ಅವಳು ಉಟ್ಟ ಬಟ್ಟೆಯಲ್ಲೇ ನೀರಿನಲ್ಲಿ ಕುಳಿತುಬಿಟ್ಟಳು, ಆಮೇಲೆ ನಗತೊಡಗಿದಳು. ಆರು ವರ್ಷ ಹುಡುಕಿದರೂ ಸಿಗದಿದ್ದ ನಾಲ್ಕನೆಯ ಮಾತು ಸಿಕ್ಕಿತ್ತು: ನಮ್ಮವರು ಹೋದರು.

ಮುಂದಿನದೆಲ್ಲ ಸಲೀಸಾಗಿ ಆಯಿತು. ಒಡೆಯುವ ಕೆಲಸ ದಂಡೆಗೆ ಬಂತು. ತೊಳೆದ ನೀರು ತೆಂಗಿನ ಬುಡಕ್ಕೆ ಹೋಯಿತು. ಕ್ರಮ ಬಿಡಲು ಹೆಂಗಸರು ಒಪ್ಪಲಿಲ್ಲ, ಬಿಡಬೇಕಾಗಿಯೂ ಬರಲಿಲ್ಲ. ಚಿಪ್ಪನ್ನು ಒಂದು ತಿಂಗಳು ಬಿಸಿಲಿಗೆ ಒಣಗಿಸಿ, ಆಮೇಲೆ "ನಿಂದು ನಿಂಗೆ" ಎಂದು ನದಿಗೆ ಬಿಡುವುದೆಂದು ಗೊತ್ತುಮಾಡಿಕೊಂಡರು. ಒಣಗಿದ ಚಿಪ್ಪಿನ ಮೇಲೆ ಮರಿಸಿಂಪಿಗಳು ಚೆನ್ನಾಗಿ ಕಚ್ಚಿಕೊಳ್ಳುತ್ತವೆ ಎಂದು ತನ್ವಿ ಹೇಳಿದಾಗ, ಅಜ್ಜಿಗೆ ಅಷ್ಟು ಗೊತ್ತಿಲ್ಲದೆ ಇರುತ್ತದೆಯೇ ಎಂದು ಸುಶ್ಮಿತಾ ಹಮ್ಮಿನಿಂದ ತಲೆಯಾಡಿಸಿದಳು. ಧನುಷ್ ನಾಯ್ಕನ ಮನೆಗೆ ಬುಟ್ಟಿ ತುಂಬ ಸಿಂಪಿ ಹೊತ್ತುಕೊಂಡು ಹೋದವಳೂ ಅವಳೇ. ಬೈದಷ್ಟೇ ಜೋರಾಗಿ ಕ್ಷಮೆ ಕೇಳಿದಳಂತೆ. ಅವನಿಗೆ ಅದು ಬೈಗುಳಕ್ಕಿಂತ ಕಷ್ಟವಾಯಿತಂತೆ.

ದೀಪಾವಳಿಗೆ ಮೊದಲಿನ ಭಾನುವಾರ ಮಂಡಳಿಯವರು ಬಂದು, ಇಳಿತ ಮುಗಿಯುವ ತನಕ ಪೆಟ್ಟಿಗೆಯ ಮುಂದೆ ಕುಳಿತರು. ದಂಡೆಯಲ್ಲಿ ಐವರು ಸಿಂಪಿ ಒಡೆದರು, ಒಲೆಯ ಮೇಲೆ ಕಾಯಿತುರಿ ಹಾಕಿದ ಸಿಂಪಿಯ ಸುಕ್ಕ ಬೆಂದಿತು, ಪೆಟ್ಟಿಗೆಯಲ್ಲಿ ನದಿ ಒಂದೇ ಸಮನೆ ಗುನುಗಿತು. ಅಧಿಕಾರಿ ಸಹಿ ಹಾಕಿ ಎರಡನೆಯ ಸಲ ಬಡಿಸಿಕೊಂಡರು. ಹೆಂಗಸರ ನಗು ಆಚೆ ದಂಡೆಗೂ ಕೇಳಿಸಿತು.

ಕೈ ತೊಳೆಯಲು ಎದ್ದಾಗ ಸುಶ್ಮಿತಾ ಮೆಲ್ಲಗೆ ಕೇಳಿದಳು: "ನಮ್ಮ ಅಮ್ಮಂದಿರ ಕಾಲಕ್ಕೂ ಅವು ಹೀಂಗೇ ಬಾಯಿ ಮುಚ್ತಿದ್ವಾ?"

"ಸಿಂಪಿ ಬದಲಾಗಿಲ್ಲ ಅಕ್ಕ," ಎಂದಳು ತನ್ವಿ. "ನಾವು ಕೇಳೋಕೆ ಶುರು ಮಾಡಿದ್ದು ಈಗ."

ತಾನು ಇಪ್ಪತ್ತಾರರ ಹುಡುಗಿಯಾಗಿದ್ದಾಗ ಇದೇ ನೀರಿಗೆ ಏನೇನು ಹರಿದು ಬರುತ್ತಿತ್ತು ಎಂದು ರಕ್ಷಿತಾ ನೆನೆಸಿಕೊಳ್ಳುತ್ತಿದ್ದಳು. ಆಗ ಕಲಗ ಸಪ್ಪಗಾಗಿವೆ ಎಂದು ಗಿರಾಕಿಗಳು ಗೊಣಗಿದರೆ, ಈ ವರ್ಷ ಹಾಗೇ ಎಂದು ಹೇಳಿ ಅವಳು ತೂಗಿ ಕೊಟ್ಟಿದ್ದಳು.

ನೀವು ಇದನ್ನು ಓದುವ ಹೊತ್ತಿಗೆ ರಕ್ಷಿತಾಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ತನ್ವಿ ಇನ್ನೂ ಹುಟ್ಟಿಲ್ಲ, ಮಣಿಯೂ ಹುಟ್ಟಿಲ್ಲ. ಅಳಿವೆಯಲ್ಲಿ ಸಿಂಪಿಗಳು ಮಾತ್ರ ಇವೆ. ಈ ಗಳಿಗೆಯಲ್ಲಿ ಅವು ಯಾವುದೋ ಕಾರಣಕ್ಕೆ ಬಾಯಿ ಮುಚ್ಚಿಕೊಂಡಿವೆ.