ಮೊಕು ತಲೆ ಬಗ್ಗಿಸಲ್ಲ

“ಮೊಕುನ ಮುಟ್ಟಿದ್ದು ಯಾರು?”

ಅಮ್ಮ ಮೆಲ್ಲಗೇ ಕೇಳಿದಳು. ಆದರೂ ಸುಜು ಬಾಗಿಲಲ್ಲೇ ನಿಂತುಬಿಟ್ಟಳು. ಆ ಭಾನುವಾರ ಸ್ಟುಡಿಯೋದಲ್ಲಿ ಇದ್ದವರೇ ಇಬ್ಬರು. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. ಹೇಳುವ ಮನಸ್ಸೂ ಅವಳಿಗಿರಲಿಲ್ಲ.

“ನಾನೇ.”

ಮೊಕು ಅಂದರೆ ಅಂಗೈಯಷ್ಟೇ ಇರುವ ನೀರುನಾಯಿ ಗೊಂಬೆ. ನಗೋಯಾದ ಮಕ್ಕಳೆಲ್ಲ ಕಣ್ಣರಳಿಸಿ ನೋಡುವ ಟಿವಿ ಸೀರಿಯಲ್ಲಿನ ಗೊಂಬೆ. ಅಮ್ಮ ಅದನ್ನು ಕೂದಲೆಳೆಯಷ್ಟು ಅಲುಗಿಸಿ ಒಂದು ಫೋಟೊ ತೆಗೆಯುತ್ತಾಳೆ, ಮತ್ತಷ್ಟು ಅಲುಗಿಸಿ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಓಡಿಸಿದರೆ ಮೊಕು ನಡೆಯುತ್ತದೆ. ನಡುವೆ ಬೇರೆ ಯಾರಾದರೂ ಮುಟ್ಟಿದರೆ ಮುಗಿಯಿತು, ಮೊದಲಿನಿಂದ ಶುರು ಮಾಡಬೇಕು. ಸುಜುವಿಗೆ ಇದೆಲ್ಲ ಚೆನ್ನಾಗಿ ಗೊತ್ತು.

ಬೆಳಗಿನಿಂದ ಅಮ್ಮ, ಕೇಕ್ ಕಳೆದುಕೊಂಡು ಸಿಟ್ಟಾದ ಮೊಲದ ಗೊಂಬೆಗಳ ಮುಂದೆ ಮೊಕುವಿನ ತಲೆಯನ್ನು ಕ್ಷಮೆ ಕೇಳುವಂತೆ ಇಷ್ಟಿಷ್ಟೇ ಬಗ್ಗಿಸುತ್ತಿದ್ದಳು. ಅವಳು ಅನ್ನದುಂಡೆ ತಿನ್ನಲು ಹೋದಾಗ ಸುಜು ಒಳಗೆ ನುಗ್ಗಿ, ಮೊಕುವನ್ನು ಮೊಲಗಳಿಗೆ ಬೆನ್ನು ಮಾಡಿ ನಿಲ್ಲಿಸಿದ್ದಳು.

“ಕೇಕ್ ತಿಂದಿದ್ದು ಮೊಕು ಅಲ್ವಲ್ಲಮ್ಮ. ಮತ್ಯಾಕೆ ಅದು ಸಾರಿ ಕೇಳ್ಬೇಕು?”

“ಕೇಳಿದ್ರೆ ಜಗಳ ಮುಗಿಯತ್ತೆ. ಕತೇಲಿ ಹಾಗಿದೆ ಕಣೇ.”

“ಹಾಗಾದ್ರೆ ಆ ಕತೇನೇ ಸರಿಯಿಲ್ಲ. ನಮ್ಮ ಟೀಚರೂ ನಿನ್ನ ಹಂಗೇ ಅಂದ್ರು.”

ಅಮ್ಮನ ಸಿಟ್ಟು ಅಲ್ಲಿಗೇ ನಿಂತಿತು. “ಟೀಚರ್ ಏನಂದ್ರು?”

ಸುಜು ಎಲ್ಲ ಹೇಳಿದಳು. ಕ್ಲಾಸಿನಲ್ಲಿದ್ದ ಮೀನಿನ ತೊಟ್ಟಿ ಒಡೆದಿತ್ತು. ಒಡೆದದ್ದು ಸುಜು ಅಲ್ಲ, ಹತ್ತಿರ ನಿಂತಿದ್ದಳು ಅಷ್ಟೇ. “ಒಂದ್ಸಲ ತಲೆ ಬಗ್ಗಿಸಿಬಿಡು, ಮುಗಿದುಹೋಗತ್ತೆ” ಎಂದಿದ್ದರು ಟೀಚರ್. ಬಗ್ಗಿಸಿದಳು. ಎಲ್ಲರಿಗೂ ಮುಗಿಯಿತು. ಸುಜುವಿಗೆ ಮಾತ್ರ ಮುಗಿದಿರಲಿಲ್ಲ.

ಅಮ್ಮ ಸ್ಟೂಲ್ ಎಳೆದಳು.

“ಕೂತ್ಕೋ. ಬಗ್ಗಲ್ಲ ಅಂದ್ರೆ ಮೊಕು ಏನ್ಮಾಡತ್ತೆ? ಬೆನ್ನು ತಿರುಗಿಸಿ ಓಡಿಹೋಗತ್ತಾ?”

ಸುಜು ಯೋಚಿಸಿದಳು. “ಇಲ್ಲ. ನೆಟ್ಟಗೆ ನಿಂತು ಮೊಲಗಳನ್ನೇ ನೋಡತ್ತೆ.”

“ಸರಿ, ಮೊದಲಿನಿಂದ ತೆಗೆಯೋಣ. ನೀನೇ ನಿಲ್ಲಿಸು. ಉಸಿರು ಬಿಗಿಹಿಡಿ.”

ಸಂಜೆ ನಿರ್ದೇಶಕ ಇವಾಸೆ ಬಂದರು. ಕಂಪ್ಯೂಟರಿನಲ್ಲಿ ಮೊಕು ತಲೆ ತಗ್ಗಿಸತೊಡಗಿ, ಅರ್ಧಕ್ಕೇ ತಡೆದು, ಮೆಲ್ಲಗೆ ನೆಟ್ಟಗಾಗಿ ಮೊಲಗಳನ್ನು ದಿಟ್ಟಿಸಿತು.

“ಮಿಯಾಗಿ ಅವ್ರೇ, ಏನಿದು? ಸಾರಿ ಕೇಳೋದು ಎಲ್ಲಿ ಹೋಯ್ತು?” ಎಂದು ಅವರು ಅಮ್ಮನತ್ತ ತಿರುಗಿದರು.

ಇವಾಸೆ ಹುಬ್ಬು ಗಂಟಿಕ್ಕಿದರೆ ಸಾಕು, ಅಮ್ಮ ಸೊಂಟದವರೆಗೂ ಬಗ್ಗಿಬಿಡುತ್ತಿದ್ದಳು. ಇವತ್ತು ಬಗ್ಗಲಿಲ್ಲ.

“ಕೇಕ್ ತಿಂದೋರು ಕೇಳ್ತಾರೆ, ಸರ್.”

ಇವಾಸೆ ಇನ್ನೊಮ್ಮೆ ಓಡಿಸಿ ನೋಡಿದರು. ಮತ್ತೂ ಒಮ್ಮೆ.

“ಚಾನೆಲ್‌ನವರು ಕೂಗಾಡ್ತಾರೆ” ಎಂದು ಗೊಣಗುತ್ತ ಟೋಪಿ ಹಾಕಿಕೊಂಡರು. “ಕೂಗಾಡ್ಲಿ ಬಿಡಿ. ಇದೇ ಇರ್ಲಿ.”

ಅವರು ಹೋದ ಮೇಲೆ ಸುಜು ಸ್ಟೂಲಿನಿಂದ ಇಳಿದಳು. ಯಾರೂ ಹೇಳದಿದ್ದರೂ ಅಮ್ಮನ ಮುಂದೆ ನಿಂತು ತಲೆ ಬಗ್ಗಿಸಿದಳು.

“ಬೆಳಗ್ಗೆಯಿಂದ ಮಾಡಿದ್ದೆಲ್ಲ ಹಾಳು ಮಾಡ್ಬಿಟ್ಟೆ. ಅದಕ್ಕೆ ಸಾರಿ ಅಮ್ಮ.”

ಈ ಸಲ ಸುಜುವಿಗೂ ಮುಗಿಯಿತು. ಅವಳು ತಲೆಯೆತ್ತಿದಳು.

“ಮೀನಿನ ತೊಟ್ಟಿಗೆ ಮಾತ್ರ ಸಾರಿ ಇಲ್ಲ. ಒಡೆದಿದ್ದು ನಾನಲ್ಲ ಅಂತ ನಾಳೆ ಟೀಚರ್‌ಗೂ ಹೇಳ್ತೀನಿ.”