ಹದಿನೆಂಟು ವರ್ಷದ ಕೊಬ್ಬರಿ ಧಾರಣೆ

"ನಮ್ಮನೆಯೋರು ಬರ್ದಿಟ್ಟ ಪುಸ್ತಕ ಸುಳ್ಳು ಹೇಳಲ್ಲ ಕಣ್ರಮ್ಮಾ," ಎಂದು ಸಾವಿತ್ರಮ್ಮ ಕಣ್ಣೊರೆಸಿಕೊಂಡಳು.

ಕಡೂರಿನ ಹೆಣ್ಣುಮಕ್ಕಳ ಶಾಲೆಯಿಂದ ನಿವೃತ್ತರಾಗಿದ್ದ ಭಾಗೀರಥಮ್ಮನವರ ಜಗಲಿಗೆ ಕಳವು, ಮೋಸ ಎಂದು ಜನ ಬರುವುದು ೧೯೨೧ರ ಹೊತ್ತಿಗೆ ವಾಡಿಕೆಯಾಗಿತ್ತು. ತಮ್ಮ ರಾಮಸ್ವಾಮಿ ಮೇಷ್ಟ್ರು ಅವರ ಬಲಗೈ. ಅಂದು ಮಾತ್ರ ಮೇಷ್ಟ್ರು ತಲೆ ಎತ್ತಲಿಲ್ಲ.

ಸಾವಿತ್ರಮ್ಮನ ಗಂಡ ಹನುಮಂತಪ್ಪ ಸಾಯುವವರೆಗೂ, ಹದಿನೆಂಟು ವರ್ಷ, ಪ್ರತಿ ಸಂತೆಯ ಕೊಬ್ಬರಿ ಧಾರಣೆ ಬರೆದಿಟ್ಟಿದ್ದ. ಮಳೆ ಹಿಂದಾದ ವರ್ಷಗಳಲ್ಲಿ ಬೆಲೆ ಹೇಗೆ ನಡೆದಿತ್ತೆಂದು ನೋಡಿ ಹತ್ತು ಮನೆಯವರು ಸರಕು ಮಾರುತ್ತಿದ್ದರು. ಈ ವರ್ಷವೂ ಮಳೆ ಹಿಂದಾಗಿ, ಅವನ ತಮ್ಮ ಕೆಂಚಪ್ಪ ಪುಸ್ತಕ ಓದಿ, ಆಷಾಢ ಕಳೆದರೆ ಬೆಲೆ ಬೀಳುತ್ತದೆ ಎಂದ. ಎಲ್ಲರೂ ಮಾರಿದರು. ಗೌರಿ ಹಬ್ಬಕ್ಕೆ ಬೆಲೆ ಒಂದೂವರೆ ಪಟ್ಟಾಯಿತು. ತಮ್ಮ ಮನೆಯ ಕೊಬ್ಬರಿಯೂ ಅಗ್ಗಕ್ಕೆ ಹೋದ ಸಿಟ್ಟಿಗೆ ಮೇಷ್ಟ್ರು ತುಂಬಿದ ಸಂತೆಯಲ್ಲಿ, "ವ್ಯಾಪಾರಿಗಳ ಹತ್ರ ಎಷ್ಟು ತಿಂದ್ಯೋ?" ಎಂದು ಕೆಂಚಪ್ಪನ ಮೇಲೆ ಕೂಗಾಡಿದ್ದರು.

"ಪಾಪ, ಕೆಂಚಪ್ಪಂಗೆ ಏನು ಕಷ್ಟವೋ," ಎಂದ ಅದೇ ಮನೆಯ ಮುಂದಿನ ಕೋಣೆಯ ಬಾಡಿಗೆದಾರ ಮಲ್ಲಿಕಾರ್ಜುನಪ್ಪ. ಮೂರು ವರ್ಷದ ಹಿಂದೆ ಅಜ್ಜಂಪುರದಿಂದ ಬಂದ ಕೊಬ್ಬರಿ ವ್ಯಾಪಾರಿ ಅವನು.

ಅವನು ಅತ್ತ ಹೋದಮೇಲೆ ಭಾಗೀರಥಮ್ಮ, ಸಾವಿತ್ರಮ್ಮ ತಂದಿದ್ದ ಪುಸ್ತಕದ ಹಾಳೆ ತಿರುವಿದರು. "ಹದಿನೆಂಟು ವರ್ಷಕ್ಕೂ ಒಂದೇ ಮಸಿ! ಸಾವಿತ್ರಮ್ಮಾ, ಪ್ಲೇಗಿನ ವರ್ಷ ನೀವೆಲ್ಲಿದ್ರಿ?"

"ಊರಾಚೆ ಗುಡ್ಲು ಹಾಕ್ಕೊಂಡಿದ್ವಿ. ಕೆಂಚಪ್ಪನ ಹೆಂಡ್ತಿ ಅಲ್ಲೇ ಹೋದ್ಲು."

"ಈ ವರ್ಷ ಆಷಾಢಕ್ಕೆ ಮುಂಚೆ ಪುಸ್ತಕ ಯಾರಾದ್ರೂ ಒಯ್ದಿದ್ರಾ?"

ಅವಳು ಸಂಕೋಚದಿಂದ ಮೇಷ್ಟ್ರ ಕಡೆ ನೋಡಿದಳು. "ಹುಡುಗರಿಗೆ ಲೆಕ್ಕ ಹೇಳ್ಕೊಡೋಕೆ ತಂದಿದ್ದೆ ಅಕ್ಕಾ," ಎಂದರು ಮೇಷ್ಟ್ರು. ಉಳಿದದ್ದನ್ನು ನುಂಗಿಕೊಂಡರು.

ಮರುದಿನ ಹತ್ತು ಮನೆಯವರೂ ಕೆಂಚಪ್ಪನೂ ಮಲ್ಲಿಕಾರ್ಜುನಪ್ಪನೂ ಜಗಲಿಯಲ್ಲಿ ಸೇರಿದರು.

"ವರ್ಷವರ್ಷವೂ ಬರೆದ ಪುಸ್ತಕದಲ್ಲಿ ಮಸಿ ಒಂದೇ ಇರದು. ಇದು ಅಕ್ಷರ ಅನುಕರಿಸಿ, ಬೆಲೆ ತಿರುಚಿ ಬರೆದ ನಕಲು," ಎಂದರು ಭಾಗೀರಥಮ್ಮ. "ಪ್ಲೇಗಿನ ವರ್ಷ ಮೂರು ತಿಂಗಳು ಸಂತೆಯೇ ಕೂಡಲಿಲ್ಲ. ಇದರಲ್ಲಿ ಆ ವಾರಗಳಿಗೂ ಧಾರಣೆಯಿದೆ. ಹೆಂಡತಿಯನ್ನು ಕಳಕೊಂಡ ಕೆಂಚಪ್ಪ ಆ ದಿನ ಮರೆಯುತ್ತಾನೆಯೇ? ಖಾಲಿ ಸಾಲು ಕಂಡು ಮರೆವೆಂದು ತುಂಬಿದವನು ಆಗ ಈ ಊರಲ್ಲಿರಲಿಲ್ಲ. ರಾಮೂ, ಪುಸ್ತಕ ನಿನ್ನ ಕೈಯಲ್ಲೇ ಇತ್ತೇ?"

ಮೇಷ್ಟ್ರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಇಲ್ಲ. ಮಲ್ಲಿಕಾರ್ಜುನಪ್ಪ ಕೇಳಿದ, ಎಂಟು ದಿನ ಕೊಟ್ಟಿದ್ದೆ. ಗೊತ್ತಾದರೆ ಮರ್ಯಾದೆ ಹೋಗುತ್ತದೆಂದು ಹೇಳಲಿಲ್ಲ."

"ಆಷಾಢದಲ್ಲಿ ನಿಮ್ಮೆಲ್ಲರ ಕೊಬ್ಬರಿ ಕೊಂಡವರೂ ಇವರೇ," ಎಂದರು ಭಾಗೀರಥಮ್ಮ. " ನಿಜವಾದ ಪುಸ್ತಕ ಇವರ ಪೆಟ್ಟಿಗೆಯಲ್ಲೇ ಇರಬೇಕು. ಹದಿನೆಂಟು ವರ್ಷದ ಧಾರಣೆಯನ್ನು ಯಾವ ವ್ಯಾಪಾರಿ ಸುಟ್ಟಾನು?"

ಪೆಟ್ಟಿಗೆ ತೆರೆದಾಗ ಪುಸ್ತಕ ಸಿಕ್ಕಿತು. ಮಲ್ಲಿಕಾರ್ಜುನಪ್ಪನನ್ನು ಅಮಲ್ದಾರರ ಕಚೇರಿಗೆ ಕರೆದೊಯ್ದರು.

ಮೇಷ್ಟ್ರು ಕೈಮುಗಿದರು. "ತಪ್ಪಾಯ್ತು ಕೆಂಚಪ್ಪಾ."

"ಸಂತೇಲಿ ಕೂಗಿದ್ರಿ ಮೇಷ್ಟ್ರೇ. ಇಲ್ಲಿ ಹೇಳಿದ್ರೆ ಯಾರಿಗೆ ಕೇಳ್ಸುತ್ತೆ?" ಎಂದು ಕೆಂಚಪ್ಪ ಎದ್ದು ಹೋದ.

ಮುಂದಿನ ಸಂತೆಯಲ್ಲಿ ಮೇಷ್ಟ್ರು ಗಾಡಿಯ ಮೇಲೆ ಹತ್ತಿ ನಿಂತು, ಕೆಂಚಪ್ಪನ ಮೇಲೆ ಸುಳ್ಳು ಆಡಿದವನು ತಾನೆಂದು ಕೂಗಿದರು. ದನಿ ಒಡೆಯಿತು. ಅವರ ಬಳಿ ಓದಿದ ಶಿಷ್ಯರೆಲ್ಲ ಮುಖ ತಗ್ಗಿಸಿ ನಿಂತಿದ್ದರು. ಎರಡನೆಯ ಸಲ ಕೂಗಲು ಬಾಯಿ ತೆರೆದಾಗ ಕೆಂಚಪ್ಪ ಬಂದು ತೋಳು ಹಿಡಿದ.

"ಸಾಕು. ಇಳೀರಿ."